ಅಜ್ಜಿಯನ್ನು ಕೇಳದ ಪ್ರಬಂಧಗಳು

ಕುಂದಾಪ್ರ ಕನ್ನಡಕ್ಕೆ ಈಗ ಒಳ್ಳೆಯ ಕಾಲ ಎಂದು ಎಲ್ಲರೂ ಹೇಳುತ್ತಿದ್ದಾರೆ. ಆಸಾಡಿ ಅಮಾಸಿ ಬಂತೆಂದರೆ ಊರಿನಲ್ಲೂ ಬೆಂಗಳೂರಿನಲ್ಲೂ ಭಾಷೆಯ ಹಬ್ಬ. 2022ರಲ್ಲಿ 'ಕಾಂತಾರ' ಬಂದ ಮೇಲೆ ಈ ಮಾತಿನ ಲಯ ಹೊರಗಿನವರ ಕಿವಿಗೂ ಬಿತ್ತು. ಪಂಜು ಗಂಗೊಳ್ಳಿ ಮತ್ತು ಗೆಳೆಯರು ನಿಘಂಟು ಕಟ್ಟಿಕೊಟ್ಟರು. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಯನ ಪೀಠವೂ ಆಯಿತು. ಇಂಥ ಹೊತ್ತಿನಲ್ಲಿ ಅಪಸ್ವರ ಎತ್ತುವುದು ಯಾರಿಗೂ ಇಷ್ಟದ ಕೆಲಸವಲ್ಲ. ಆದರೂ ಭಾಷೆ, ಸಾಹಿತ್ಯದ ವಿದ್ಯಾರ್ಥಿಗಳು ಕಾಲೇಜುಗಳಲ್ಲಿ ಒಪ್ಪಿಸುತ್ತಿರುವ ಕಿರುಪ್ರಬಂಧಗಳನ್ನು ತೆರೆದು ನೋಡಿದವರಿಗೆ ಒಂದು ಅಳುಕು ಹುಟ್ಟಲೇಬೇಕು.

ಪದಪಟ್ಟಿಗಳೇನೋ ಉದ್ದುದ್ದ ಇರುತ್ತವೆ, ಹೇಳಿದವರು ಇರುವುದಿಲ್ಲ. ಯಾವ ಊರಿನವರು, ಎಷ್ಟು ಪ್ರಾಯ, ಯಾವ ಕಸುಬು, ಒಂದೂ ತಿಳಿಯದು. ಪದ ಅಚ್ಚಾದ ನಿಘಂಟಿನಿಂದ ಇಳಿದದ್ದು, ಗಾದೆ ವಾಟ್ಸಾಪಿನಿಂದ ಬಂದದ್ದು. ಶಾಲು ಹೊದಿಸಿಕೊಂಡ ಅಜ್ಜಿಯ ಫೋಟೊ ಕೊನೆಯ ಪುಟದಲ್ಲಿದೆ. ಆಕೆ ಆಡಿದ ಒಂದು ಪೂರ್ತಿ ವಾಕ್ಯ ಎಲ್ಲೂ ಇಲ್ಲ. ಮೊಬೈಲ್ ಮುಂದೆ ಹಿಡಿದ ಕೂಡಲೇ ಅಜ್ಜಿ 'ಬಪ್ಪುದು' ಬಿಟ್ಟು ಪೇಟೆಯವರ ಹಾಗೆ 'ಬರುವುದು' ಎನ್ನುತ್ತಾಳೆ, ಹುಡುಗ ಅದನ್ನೇ ಬರೆದುಕೊಂಡು ಬರುತ್ತಾನೆ. ಮತ್ತೆರಡು ಸಲ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ಕೂತು, ಆಕೆ ಮೊಮ್ಮಗನನ್ನು ಗದರುವಾಗ ಬರುವ ಮಾತನ್ನು ಕೇಳಿಸಿಕೊಳ್ಳುವ ವ್ಯವಧಾನ ಯಾರಿಗಿದೆ? ವೈದೇಹಿಯವರ ಕಥೆಗಳ ಮೇಲೆ ಬರೆಯುವವರು ಸ್ತ್ರೀಸಂವೇದನೆಗೆ ಹತ್ತು ಪುಟ ಕೊಡುತ್ತಾರೆ; ಆ ಹೆಂಗಸರು ಮಾತಾಡುವ ಧಾಟಿಗೆ ಅರ್ಧ ಪುಟವೂ ಇಲ್ಲ. ಅಪ್ಪಿತಪ್ಪಿ ಧ್ವನಿಮುದ್ರಣ ಮಾಡಿದ್ದರೂ, ಮೌಖಿಕ ಪರೀಕ್ಷೆ ಮುಗಿದ ಮೇಲೆ ಫೋನಿನಲ್ಲಿ ಜಾಗ ಸಾಲದೆಂದು ಅದು ಅಳಿಸಿಹೋಗುತ್ತದೆ.

ಒಂದು 'ಬಪ್ಪುದು' ಹೋದರೆ ಗಂಟೇನು ಹೋಯಿತು ಎನ್ನುವವರಿದ್ದಾರೆ. ಹಳಗನ್ನಡದ 'ಬರ್ಪ' ಈ ಮಾತಿನೊಳಗೆ ಇನ್ನೂ ಉಸಿರಾಡುತ್ತಿದೆ. ಹವ್ಯಕರ 'ಬಪ್ಪದು', 'ತಿಂಬದು'ಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಕನ್ನಡ ಕವಲೊಡೆದ ದಾರಿ ಕಾಣುತ್ತದೆ. ಬ್ರಹ್ಮಾವರದ ಆಸುಪಾಸಿನಲ್ಲಿ ತುಳುವೂ ಕುಂದಾಪ್ರ ಕನ್ನಡವೂ ಒಂದೇ ಜಗಲಿಯಲ್ಲಿ ಕೇಳಿಸುತ್ತವೆ, ಗಂಗೊಳ್ಳಿಯಲ್ಲಿ ಖಾರ್ವಿಗಳ ಕೊಂಕಣಿ. ಭಾಷೆಗಳನ್ನು ಹೋಲಿಸಿ ಓದುವ ಹುಡುಗರಿಗೆ ಇನ್ನೇನು ಬೇಕು? ಹಿತ್ತಲ ಗಿಡ ಮದ್ದಲ್ಲ, ಅಷ್ಟೆ. ಕರ್ನಾಟಕಕ್ಕಿಂತ ಚಿಕ್ಕ ದೇಶವಾದ ಬಲ್ಗೇರಿಯಾ ತನ್ನ ಉಪಭಾಷೆಗಳ ನಕಾಶೆಯನ್ನು 1964ರಿಂದಲೇ ಸಂಪುಟ ಸಂಪುಟವಾಗಿ ಅಚ್ಚುಹಾಕಿತು. ಸೀತಾನದಿಯ ಆಚೆ ಈಚೆ ಮಾತು ಯಾವ ಊರಿನಲ್ಲಿ ತಿರುಗುತ್ತದೆ ಎಂದು ನಡೆದುಹೋಗಿ ಗುರುತಿಸಿದ ವಿದ್ಯಾರ್ಥಿ ನಮ್ಮಲ್ಲಿ ಅಪರೂಪ.

ಮಾತು ಹೀಗೆ ಸದ್ದಿಲ್ಲದೆ ಜಾರಿಹೋದದ್ದು ಹಿಂದೆಯೂ ಇದೆ. 1970ರ ದಶಕದಲ್ಲಿ ಮೀನುಗಾರಿಕೆಗೆ ಪರ್ಸೀನ್ ದೋಣಿಗಳು ಬಂದವು, ಕೇರಿಗೆ ಕೇರಿಯೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಮೂಲೆಗೆ ಸರಿಯಿತು. ಬಲೆ ಹೋದದ್ದು ಎಲ್ಲರ ಕಣ್ಣಿಗೂ ಬಿತ್ತು. ಬಲೆಯ ಭಾಗಗಳಿಗೆ, ಪಾಲು ಹಂಚುವ ಬಗೆಗೆ ಇದ್ದ ಹೆಸರುಗಳು ಬಾಯಿಂದ ಬಾಯಿಗೆ ದಾಟದೆ ನಿಂತದ್ದು ಬೀಳಲಿಲ್ಲ. 'ಬಲ್ಲವರು ಇದ್ದಾರಲ್ಲ' ಎಂದು ಆಗಲೂ ಹೇಳಿದ್ದರು.

ಇದಕ್ಕಿಂತ ಕಳವಳದ ಸಂಗತಿ ಕೊರಗ ಸಮುದಾಯದ ಮಾತು. ಡಿ.ಎನ್. ಶಂಕರ ಭಟ್ಟರು ಅದರ ವಿವರಣೆಯನ್ನು 1971ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟಿಸಿದರು. ಆಗ ಆ ಮಾತನ್ನು ಕೇಳಿ ಬೆಳೆಯುತ್ತಿದ್ದ ಮಕ್ಕಳಿಗೆ ಈಗ ಅರವತ್ತರ ಆಸುಪಾಸು. ಯುನೆಸ್ಕೊದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಕೊರಗವಿದೆ. ನಮ್ಮ ಹಬ್ಬದ ವೇದಿಕೆಯಲ್ಲಿ ಇಲ್ಲ. ಅವರ ಡೋಲಿನ ಬಗ್ಗೆ ಪ್ರಬಂಧ ಬರೆಯುವವರು ಸಿಗುತ್ತಾರೆ, ಭಾಷೆಯ ಬಗ್ಗೆ ಕೇಳಿದರೆ ಮಾರ್ಗದರ್ಶಕರೇ ಹಿಂಜರಿಯುತ್ತಾರೆ.

ಕೇಳಿ ಬರೆಯುವ ಮಾದರಿ ನಮ್ಮಲ್ಲೇ ಇದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ತಂಡ ಕಟ್ಟಿದ ತುಳು ನಿಘಂಟು 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂತು. ಜನರ ಬಾಯಿಂದ ಪದ ಹೆಕ್ಕಿ ತಂದ ಕೆಲಸ ಅದು.

ಈಗ ನಡೆಯುತ್ತಿರುವುದು ತಿರುಗುಮುರುಗು. ನಿಘಂಟು ನೋಡಿ ಒಂದು ಪ್ರಬಂಧ, ಆ ಪ್ರಬಂಧ ನೋಡಿ ಇನ್ನೊಂದು. ನಿಘಂಟು ಇದೆ, ಪೀಠ ಇದೆ, ಹಬ್ಬ ಇದೆ ಎಂಬ ನೆಮ್ಮದಿಯೇ ಇಲ್ಲಿ ನಿಜವಾದ ಶತ್ರು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಅಧ್ಯಾಪಕರಲ್ಲಿ ಒಂದು ವಿನಂತಿ. ಹೇಳಿದವರ ಊರು, ಪ್ರಾಯ, ಕಸುಬು ನಮೂದಿಸದ ಪ್ರಬಂಧವನ್ನು ಈ ವರ್ಷದಿಂದಲೇ ಹಿಂದಿರುಗಿಸಿ. ಅವರ ಒಪ್ಪಿಗೆ ಪಡೆದು ಮಾಡಿದ ಧ್ವನಿಮುದ್ರಣದ ಒಂದು ಪ್ರತಿ ಕಾಲೇಜಿನ ಗ್ರಂಥಾಲಯಕ್ಕೆ, ಇನ್ನೊಂದು ಪೀಠಕ್ಕೆ ಸೇರಿದ ಮೇಲೆಯೇ ಅಂಕ ಕೊಡಿ.