ಭಾವನ ಹೆಸರಿಗೆ ಬಂದ ನೋಟೀಸು



ಕಾಯಿ ಹೋಳಿಗೆ ಹರಿಯದ ಹಾಗೆ ತಟ್ಟುವುದು ಹೇಗೆ ಅಂತ ಈ ಸಲ ಬರೀತೀನಿ ಎಂದಿದ್ದೆ. ಅದು ಮುಂದಿನ ಸಂಚಿಕೆಗೆ ಇರಲಿ. ಅಕ್ಕನ ಮನೆಗೆ ಹೋಗಿ ಬಂದಾಗಿನಿಂದ ನನಗೆ ಅವಳ ತೋಟದ್ದೇ ಯೋಚನೆ. ನಿಮಗೂ ಹೇಳದೆ ಇರಲಾರೆ.

ಅಕ್ಕನ ಊರು ಹಾಸನದ ಕಡೆ. ಆ ಸೀಮೆಗೆ ಎಣ್ಣೆ ಕೊಳವೆ ಹೊಸದೇನಲ್ಲ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲು, ಡೀಸೆಲ್ಲು ನೆಲದೊಳಗೇ ಹರಿಯಲು ಶುರುವಾದದ್ದು 2003ರಲ್ಲಿ. ಅಕ್ಕನ ತೋಟದಲ್ಲಿ ಹಾದದ್ದು ಅದಲ್ಲ, ಬೇರೆ. ಯಾರದ್ದು ಅನ್ನುವುದು ಇಲ್ಲಿ ಬೇಡ ಬಿಡಿ.

ಭಾವ ತೀರಿಕೊಂಡು ಮೂರು ವರ್ಷವಾಗಿತ್ತು. ಒಂದು ದಿನ ಬೆಳಿಗ್ಗೆ ಅಕ್ಕ ದೋಸೆ ಹುಯ್ಯುತ್ತಿದ್ದಾಗ ಹಿತ್ತಲಲ್ಲಿ ಯಂತ್ರದ ಸದ್ದು. ಓಡಿ ಹೋಗಿ ನೋಡಿದರೆ ಭಾವ ನೆಟ್ಟ ತೆಂಗಿನ ಮರಗಳಲ್ಲಿ ನಾಲ್ಕು ಆಗಲೇ ನೆಲದ ಮೇಲೆ. "ಸರ್ಕಾರದ ಆರ್ಡರ್ ಆಗಿದೆಯಮ್ಮ" ಎಂದರಂತೆ. ಆರ್ಡರ್ ತೋರಿಸಿ ಎಂದರೆ ಯಾರ ಕೈಯಲ್ಲೂ ಇಲ್ಲ. ಕಚೇರಿಗೆ ಮೂರು ಸಲ ಅಲೆದಳು. "ನಿಮ್ಮ ಕಡೆಯಿಂದ ತಕರಾರೇ ಬಂದಿಲ್ಲವಲ್ಲ" ಅನ್ನುವ ಮಾತು ಬಿಟ್ಟರೆ ಬೇರೇನೂ ಇಲ್ಲ. ನಾನೂ ಬುದ್ಧಿವಂತೆಯ ಹಾಗೆ "ಸುಮ್ಮನಿರಕ್ಕ, ಸರ್ಕಾರದ ಜೊತೆ ನಮಗೇನು ಜಗಳ" ಎಂದೆ. ಆ ಮಾತು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಬಿಡದೆ ಹಿಡಿದವಳು ಅಕ್ಕನ ಮಗಳು. "ಚಿಕ್ಕಮ್ಮ, ಕೇಳೋದಕ್ಕೆ 10 ರೂಪಾಯಿ ಸಾಕು" ಎಂದಳು. ಮಾಹಿತಿ ಹಕ್ಕಿನ ಕಾಯ್ದೆ 2005ರಿಂದ ಇದೆ, ನಾವೂ ರೇಡಿಯೋದಲ್ಲಿ ಕೇಳಿದ್ದೇವೆ. ಅದು ನಮ್ಮಂಥವರಿಗೂ ಉಂಟು ಎಂದು ಅನ್ನಿಸಿರಲಿಲ್ಲ, ಅಷ್ಟೆ. ಅರ್ಜಿ ಕನ್ನಡದಲ್ಲೇ ಬರೆಯಬಹುದು. ಯಾಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. ಬಡತನದ ರೇಖೆಗಿಂತ ಕೆಳಗಿನವರಿಗೆ ಆ 10 ರೂಪಾಯಿಯೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು.

ಮೊದಲನೇ ಅರ್ಜಿಯನ್ನು ಅಕ್ಕ ತಾನೇ ಬರೆದಳು, ಎರಡು ಪುಟ. ನಮ್ಮ ತೋಟವೇ ಯಾಕೆ? ಪಕ್ಕದ ಖರಾಬು ಜಾಗ ಯಾಕೆ ಬೇಡವಾಯಿತು? ವಿಧವೆ ಎಂದು ಹೀಗೆ ಮಾಡಿದಿರಾ? ಓದಿದರೆ ಕಣ್ಣಲ್ಲಿ ನೀರು ಬರಬೇಕು. 28ನೇ ದಿನ ಉತ್ತರ ಬಂತು: ಇಂಥ ಪ್ರಶ್ನೆಗಳಿಗೆ ಉತ್ತರ ಕೊಡಲು ಬರುವುದಿಲ್ಲ, ಕಚೇರಿಯಲ್ಲಿ ಇರುವ ದಾಖಲೆ ಕೇಳಿ.

ನೋಡಿ, ಎಲ್ಲರೂ ಎಡವುವುದು ಇಲ್ಲೇ. ತೀರ್ಮಾನದಿಂದ ತೊಂದರೆಯಾದವರಿಗೆ ಕಾರಣ ತಿಳಿಸಬೇಕು ಎಂದು ಅದೇ ಕಾಯ್ದೆಯ 4ನೇ ಕಲಮಿನಲ್ಲಿ ಇದೆಯಂತೆ, ನಿಜ. ಆದರೆ ಕಚೇರಿಯವರು "ಯಾಕೆ" ಎಂದು ಕೇಳಿದರೆ ಜಾರಿಕೊಳ್ಳುತ್ತಾರೆ. ಕಾಗದದ ಹೆಸರು ಹೇಳಿ ಕೇಳಿದರೆ ಅಷ್ಟು ಸುಲಭವಲ್ಲ. ಅದಕ್ಕೆ ಯಾವ ಯಾವ ಕಾಗದ ಹುಟ್ಟಿರಬೇಕು ಅನ್ನುವುದು ನಮಗೆ ಗೊತ್ತಿರಬೇಕು.

ಕೊಳವೆಗೆಂದೇ 1962ರ ಒಂದು ಕಾಯ್ದೆ ಇದೆ. ಜಮೀನು ನಮ್ಮದೇ, ಅದರ ಕೆಳಗೆ ಕೊಳವೆ ಹಾಯಿಸುವ ಹಕ್ಕು ಮಾತ್ರ ಅವರಿಗೆ. ಕೇಂದ್ರ ಸರ್ಕಾರ ಮೊದಲು ಗೆಜೆಟ್ಟಿನಲ್ಲಿ ಪ್ರಕಟಣೆ ಹಾಕಬೇಕು. 21 ದಿನದೊಳಗೆ ನಾವು ತಕರಾರು ಕೊಡಬಹುದು. ಅಧಿಕಾರಿ ನಮ್ಮನ್ನು ಕರೆದು ಕೇಳಬೇಕು, ಆಮೇಲೆ ಆಜ್ಞೆ ಬರೆಯಬೇಕು. ಒಮ್ಮೆ ಕೊಳವೆ ಬಿದ್ದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವ ಹಾಗಿಲ್ಲ, ಬಾವಿ ತೋಡುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ. ಇಷ್ಟಕ್ಕೂ ಸಿಗುವುದು ಆ ಪಟ್ಟಿಯ ಮಾರುಕಟ್ಟೆ ಬೆಲೆಯಲ್ಲಿ ನೂರಕ್ಕೆ 10, ಜೊತೆಗೆ ಮರ, ಬೆಳೆ ಹಾಳಾದದ್ದಕ್ಕೆ ಬೇರೆ. ನೂರಕ್ಕೆ 10 ಯಾವ ನ್ಯಾಯವೋ ನನಗಂತೂ ತಿಳಿಯದು.

ಎರಡನೇ ಅರ್ಜಿ ಅರ್ಧ ಪುಟ. ನಮ್ಮ ಸರ್ವೆ ನಂಬರು ಇರುವ ಪ್ರಕಟಣೆ, ನಮಗೆ ಕಳಿಸಿದ ನೋಟೀಸು ಮತ್ತು ಅದು ಮುಟ್ಟಿದ್ದಕ್ಕೆ ರುಜುವಾತು, ವಿಚಾರಣೆಯ ನಡವಳಿ, ಕೊನೆಯ ಆಜ್ಞೆ, ಮರಗಳ ಪಂಚನಾಮೆ, ಪರಿಹಾರದ ಪಟ್ಟಿ. ಎಲ್ಲದರ ದೃಢೀಕೃತ ನಕಲು ಬೇಕು ಎಂದು ಬರೆದರು. ಪುಟಕ್ಕೆ 2 ರೂಪಾಯಿ, 31 ಪುಟ, 62 ರೂಪಾಯಿ ಕಟ್ಟಿದ್ದಾಯಿತು.

ಲಕೋಟೆ ಬಂದ ದಿನ ನಾನು ಅಲ್ಲೇ ಇದ್ದೆ. ದೇವರ ಮುಂದೆ ಇಟ್ಟು ಆಮೇಲೆ ಒಡೆದಳು ಅಕ್ಕ. ನೋಟೀಸು ಭಾವನ ಹೆಸರಿಗೆ! ಹಿಂದುಗಡೆ "ಸದರಿಯವರು ಸಿಗಲಿಲ್ಲ, ಗೋಡೆಗೆ ಅಂಟಿಸಿದೆ" ಎಂಬ ಷರಾ. ಸತ್ತವರು ಹೇಗೆ ಸಿಕ್ಕಾರು? ಯಾವ ಗೋಡೆಯೋ, ಅಕ್ಕನ ಕಣ್ಣಿಗಂತೂ ಬಿದ್ದಿಲ್ಲ. ಆಜ್ಞೆಯಲ್ಲಿ "ತಕರಾರು ಇಲ್ಲ" ಎಂಬ ಒಂದೇ ಸಾಲು. ಪಂಚನಾಮೆಯಲ್ಲಿ ತೆಂಗಿನ ಮರ ಎರಡು. ಪರಿಹಾರದ ಪಟ್ಟಿಯಲ್ಲಿ ಭಾವನ ಹೆಸರಿನ ಮುಂದೆ "ಪಡೆದಿಲ್ಲ".

ಅಂದರೆ ದುಡ್ಡು ಅಲ್ಲೇ ಬಿದ್ದಿತ್ತು. ಪಹಣಿಯಲ್ಲಿ ಭಾವನ ಹೆಸರೇ ಉಳಿದಿತ್ತು. ತಿಥಿ, ವೈಕುಂಠ ಸಮಾರಾಧನೆ ಎಲ್ಲ ಚೆನ್ನಾಗಿ ಮಾಡಿದೆವು, ಪೌತಿ ಖಾತೆ ಮಾಡಿಸಬೇಕು ಎಂದು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಈಗ ಖಾತೆ ಅಕ್ಕನ ಹೆಸರಿಗಾಗಿದೆ, ಭಾವನ ಹೆಸರಿನ ಹಣವೂ ಕೈಸೇರಿದೆ. ಲೆಕ್ಕಕ್ಕೆ ಸಿಗದ ಎರಡು ಮರಕ್ಕಾಗಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದಾಳೆ, ಇನ್ನೂ ತೀರ್ಮಾನವಾಗಿಲ್ಲ. ಆ 31 ಪುಟ ಇಲ್ಲದಿದ್ದರೆ ವಕೀಲರ ಮುಂದೆ ಇಡುವುದಕ್ಕೂ ಏನೂ ಇರುತ್ತಿರಲಿಲ್ಲ. ಒಂದು ವೇಳೆ 30 ದಿನ ಕಳೆದರೂ ಉತ್ತರವೇ ಬರದಿದ್ದರೆ ಕೈಕಟ್ಟಿ ಕೂರಬೇಡಿ, ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮತ್ತೆ 30 ದಿನದೊಳಗೆ ಮೇಲ್ಮನವಿ ಕೊಡಬೇಕು. ಅರ್ಜಿಯ ಒಂದು ನಕಲು, ಅಂಚೆಯ ರಸೀತಿ ಎರಡನ್ನೂ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿರಿ.

ಊರಿಂದ ಬಂದವಳೇ ನಮ್ಮ ಪಹಣಿ ತೆಗೆಸಿ ನೋಡಿದೆ. ಇನ್ನೂ ನಮ್ಮ ಮಾವನವರ ಹೆಸರಿನಲ್ಲೇ ಇದೆ, ಅವರು ಹೋಗಿ ಹನ್ನೊಂದು ವರ್ಷ! ಸೋಮವಾರ ನಾಡಕಚೇರಿಗೆ ಹೋಗಿ ಬರೋಣ ಎಂದು ಮನೆಯವರಿಗೆ ಹೇಳಿದ್ದೇನೆ. "ಆಗಲಿ" ಎಂದಿದ್ದಾರೆ. ಹೋಗದಿದ್ದರೆ ನಾನೊಬ್ಬಳೇ ಹೊರಡುವವಳು.