ಕೆರೆಯ ದಂಡೆಯಲ್ಲಿ ಪುಟ್ಟ ಹೆಜ್ಜೆಗಳು

ನಾಲ್ಕು ವರ್ಷದ ಮಗುವಿನೊಡನೆ ನಡೆಯಲು ಹೊರಟವರು ಮೊದಲು ಮರೆಯಬೇಕಾದುದು ದೂರದ ಲೆಕ್ಕವನ್ನು. ನಾವು ಒಂದು ಹೆಜ್ಜೆ ಇಡುವಲ್ಲಿ ಅದು ಎರಡು ಹೆಜ್ಜೆ ಇಡಬೇಕು. ನಾವು ಎರಡು ಕಿಲೋಮೀಟರು ನಡೆದೆವೆಂದು ಬೀಗುವ ವೇಳೆಗೆ ಅದರ ಕಾಲುಗಳು ನಾಲ್ಕರಷ್ಟು ದಣಿದಿರುತ್ತವೆ. ಹಾಗಿದ್ದರೂ ತಂದೆಯೆನಿಸಿಕೊಂಡವರಲ್ಲಿ ಬಹುಮಂದಿ 'ಬೇಗ ಬಾ' ಎಂಬ ಎರಡೇ ಪದಗಳ ನಿಘಂಟನ್ನು ಕೈಯಲ್ಲಿ ಹಿಡಿದು ಮನೆ ಬಿಡುತ್ತಾರೆ. ವಿಹಾರಕ್ಕೂ ದಂಡಯಾತ್ರೆಗೂ ವ್ಯತ್ಯಾಸವುಂಟೆಂದು ಇವರಿಗೆ ಯಾರು ಹೇಳಬೇಕು?

ಮೈಸೂರಿನಲ್ಲಿ ಮಕ್ಕಳ ಕಾಲಿಗೆ ಒಪ್ಪುವ ದಾರಿಯೆಂದರೆ, ನನ್ನ ಮತದಲ್ಲಿ, ಕಾರಂಜಿ ಕೆರೆಯ ದಂಡೆ. 1892ರಲ್ಲಿ ಸ್ಥಾಪಿತವಾದ ಮೃಗಾಲಯದ ಮಗ್ಗುಲಲ್ಲೇ, ಸುಮಾರು 90 ಹೆಕ್ಟೇರುಗಳಷ್ಟು ಹರಡಿಕೊಂಡಿರುವ ಕೆರೆ ಇದು. ತಲೆಯೆತ್ತಿದರೆ ಚಾಮುಂಡಿ ಬೆಟ್ಟ. ದಾರಿ ಸಮತಟ್ಟು, ನೆರಳೂ ಧಾರಾಳ. ಒಂದು ಕಾಲದಲ್ಲಿ ಊರಿನ ಕೊಳಚೆ ಸೇರಿ ಕೆಟ್ಟುಹೋಗಿದ್ದ ನೀರಿದು ಎಂದರೆ ಇಂದಿನ ಮಕ್ಕಳು ನಂಬಲಾರರು.

ಮೊನ್ನೆಯ ಭಾನುವಾರ ನಾವು ಐವರು ಅಲ್ಲಿಗೆ ಹೋಗಿದ್ದೆವು: ನಾನು, ನನ್ನಾಕೆ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ, ಮತ್ತು ಮೊಣಕಾಲು ನೋವಿನ ನನ್ನ ತಾಯಿ. ಅಜ್ಜಿಯ ನಡಿಗೆಗೂ ಮೊಮ್ಮಗನ ನಡಿಗೆಗೂ ಎಂಥ ಹೊಂದಿಕೆ! ಇಬ್ಬರೂ ಒಂದೇ ಕಲ್ಲಿನ ಮೇಲೆ ಕುಳಿತರು, ಒಂದೇ ಇರುವೆಯ ಸಾಲನ್ನು ನೋಡಿದರು, ಒಂದೇ ಸಲ ಎದ್ದರು. ಮುಂದೆ ಹೋಗಿ ಕಾಯುವ ಕೆಲಸ ನಡುವಯಸ್ಸಿನವರದು.

ನೀರಿನ ನಡುವಣ ಒಣಕೊಂಬೆಯ ಮೇಲೆ ನೀರುಕಾಗೆಯೊಂದು ರೆಕ್ಕೆಗಳನ್ನು ಅಗಲಿಸಿ ಕುಳಿತಿತ್ತು. "ಅದೇಕೆ ಹಾಗೆ ಕುಳಿತಿದೆ?" ಎಂದಳು ಮಗಳು. "ಒದ್ದೆ ಬಟ್ಟೆ ಒಣಗಿಸಿಕೊಳ್ಳುತ್ತಿದೆ ಕಣೇ" ಎಂದರು ಅಜ್ಜಿ. ಉತ್ತರ ಸರಿಯಾಗಿಯೇ ಇತ್ತು. ಬಾತುಕೋಳಿಯ ಗರಿಗಳಂತೆ ಅದರ ಗರಿಗಳು ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ. ನೆನೆದು ಭಾರವಾಗುವುದರಿಂದಲೇ ಅದು ಮೀನಿನ ಬೆನ್ನಟ್ಟಿ ಸುಲಭವಾಗಿ ಮುಳುಗಬಲ್ಲದು, ಮೇಲೆ ಬಂದ ಬಳಿಕ ಒಣಗಲೂ ಬೇಕು. ತಾಯಿಯ ಮೂಲಕ್ಕೆ ಟಿಪ್ಪಣಿ ಬರೆಯುವುದಷ್ಟೇ ಅಧ್ಯಾಪಕನ ಪಾಲಿಗೆ ಉಳಿಯಿತು.

ಮಗನಿಗೆ ಮಾತ್ರ ಹೆಜ್ಜಾರ್ಲೆಯ ಗಂಟಲ ಚೀಲದ ಮೇಲೆಯೇ ಕಣ್ಣು. ಅದರಲ್ಲಿ ತಿಂಡಿ ಕಟ್ಟಿಕೊಂಡು ಹೋಗುತ್ತದೆಯೇ ಎಂಬುದು ಅವನ ಸಂದೇಹ. ಅದು ಬುತ್ತಿಯ ಚೀಲವಲ್ಲ, ಬಲೆ. ಮೀನಿನೊಡನೆ ತುಂಬಿದ ನೀರನ್ನು ಚೆಲ್ಲಿ ಅನಂತರ ನುಂಗುತ್ತದೆ ಎಂದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಈ ಹಕ್ಕಿಗಳು ಮನೆಗಳ ನಡುವಣ ಹುಣಿಸೆಮರಗಳಲ್ಲೇ ಗೂಡು ಕಟ್ಟುತ್ತವೆಯೆಂದು ಕೇಳಿ, ನಮ್ಮ ಬೀದಿಯಲ್ಲಿ ಹುಣಿಸೆಮರ ಏಕಿಲ್ಲವೆಂದು ಅಲ್ಲಿಯೇ ರಂಪ ಹೂಡಿದ. ಇಂಥ ಹೊತ್ತಿನಲ್ಲಿ ಮಗುವಿನ ಕೈ ಬಿಡಬಾರದು. ಹಕ್ಕಿಯನ್ನು ನೋಡುವ ಸಂಭ್ರಮದಲ್ಲಿ ಮೊದಲು ಮೈಮರೆಯುವವರು ದೊಡ್ಡವರೇ. ನಮ್ಮಲ್ಲಿ ಪಾಳಿಯುಂಟು: ಒಬ್ಬರು ಹಕ್ಕಿಯನ್ನು ನೋಡಿದರೆ ಇನ್ನೊಬ್ಬರು ಮಗುವನ್ನು. ಬೆಳಗಿನ ಜಾವವೇ ಎದ್ದು ಬುತ್ತಿ ಸಿದ್ಧಪಡಿಸಿದ ನನ್ನಾಕೆಗೆ ಹಕ್ಕಿಯ ಪಾಳಿ ಹೆಚ್ಚಾಗಿ ಬರಬೇಕೆಂಬುದು ನ್ಯಾಯ.

"ಈ ಕೆರೆಯನ್ನು ದೇವರು ಮಾಡಿದನೇ?" ಎಂದು ಮಗಳು ಕೇಳಿದಳು. ಕನ್ನಡದಲ್ಲಿ ನಾವು ಮನೆ ಕಟ್ಟಿಸಿದ ಎನ್ನುವಂತೆಯೇ ಕೆರೆ ಕಟ್ಟಿಸಿದ ಎನ್ನುತ್ತೇವೆ. ಏರಿ, ತೂಬು, ಕೋಡಿ, ಇವೆಲ್ಲ ಮನುಷ್ಯನ ಕೈಕೆಲಸ. ಕಟ್ಟಿದ್ದನ್ನು ನೋಡಿಕೊಳ್ಳದಿದ್ದರೆ ಉಳಿಯುವುದಿಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆಯಿದ್ದಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣವಿದೆ ಎಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಲ್ಲಿದ್ದ ಹಕ್ಕಿಗಳು ಎಲ್ಲಿಗೆ ಹೋದವು?" ಎಂದಳು. ನಾನು ತಾಯಿಯ ಮುಖ ನೋಡಿದೆ. ಅವರು ನೀರನ್ನು ನೋಡುತ್ತಿದ್ದರು.

ಬಿಸಿಲೇರಿತು. ದಂಡೆಯ ಮೇಲೆಯೇ ಇರುವ ಪ್ರಾಕೃತಿಕ ಇತಿಹಾಸದ ಸಂಗ್ರಹಾಲಯಕ್ಕೆ (1995ರಲ್ಲಿ ಆರಂಭವಾದುದು) ಹೋಗಿ ತಂಪಾಗಿ ಕುಳಿತೆವು. ಚಿಟ್ಟೆಗಳ ಉದ್ಯಾನ ನೋಡುವುದು ಉಳಿಯಿತು, ದಾರಿಯ ಕೊನೆ ಮುಟ್ಟುವುದೂ ಉಳಿಯಿತು. ಮಗ ನನ್ನ ಹೆಗಲ ಮೇಲೆ ನಿದ್ದೆಹೋಗಿದ್ದ. ಮಗಳು, ಉಳಿದ ದಾರಿಯನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಳ್ಳೋಣವೆಂದು ಅಜ್ಜಿಯೊಡನೆ ಒಪ್ಪಂದ ಮಾಡಿಕೊಳ್ಳುತ್ತಿದ್ದಳು.