ಒಲಿವೆನ್ಸಾ: ಊರು ನಿಂತಲ್ಲೇ ಇತ್ತು, ಗಡಿ ಸರಿಯಿತು

ಗ್ವಾಡಿಯಾನಾ ನದಿಯ ಎಡದಂಡೆಯ ಸೀಮೆಯಲ್ಲಿರುವ ಒಲಿವೆನ್ಸಾ ಇಂದು ಸ್ಪೇನಿನ ಪಟ್ಟಣ. ಆದರೆ ಅದರ ಕೋಟೆಯ ಎತ್ತರದ ಗೋಪುರವನ್ನು ಕಟ್ಟಿಸಿದವನು ಪೋರ್ಚುಗಲ್ಲಿನ ದೊರೆ ಎರಡನೆಯ ಜೋಆಂವ್. ಮಗ್ದಲೇನಾ ಇಗರ್ಜಿಯ ಹಗ್ಗದಂತೆ ಹೊಸೆದ ಕಂಬಗಳೂ ಪೋರ್ಚುಗೀಸ್ ಶೈಲಿಯವೇ. 1297ರ ಅಲ್ಕನಿಸೆಸ್ ಒಪ್ಪಂದದಿಂದ ಪೋರ್ಚುಗಲ್ಲಿಗೆ ಸೇರಿದ ಊರು ಐದು ಶತಮಾನ ಅಲ್ಲಿಯೇ ಇತ್ತು.

1801ರ ‘ಕಿತ್ತಳೆ ಯುದ್ಧ’ದಲ್ಲಿ ಸ್ಪೇನ್ ಅದನ್ನು ಗೆದ್ದುಕೊಂಡಿತು, ಬಡಾಹೋಸ್ ಒಪ್ಪಂದ ಆ ಗೆಲುವಿಗೆ ಮುದ್ರೆಯೊತ್ತಿತು. 1807ರಲ್ಲಿ ಸ್ಪೇನ್ ಫ್ರಾನ್ಸಿನೊಡಗೂಡಿ ದಂಡೆತ್ತಿ ಬಂದುದರಿಂದ ಆ ಒಪ್ಪಂದವೇ ಅಸಿಂಧುವಾಯಿತೆಂಬುದು ಪೋರ್ಚುಗಲ್ಲಿನ ವಾದ. 1815ರ ವಿಯೆನ್ನಾ ನಿರ್ಣಯದ 105ನೆಯ ವಿಧಿ ಆ ಬೇಡಿಕೆಯನ್ನು ನ್ಯಾಯವೆಂದು ಒಪ್ಪಿತು. ಆದರೆ ಊರನ್ನು ಮರಳಿಸಿರೆಂದು ಆಜ್ಞಾಪಿಸಲಿಲ್ಲ. ಸಾಮೋಪಾಯದಿಂದ ಯತ್ನಿಸುವುದಾಗಿ ಬಲಿಷ್ಠ ರಾಷ್ಟ್ರಗಳು ಮಾತುಕೊಟ್ಟವು, ಅಷ್ಟೆ. 1817ರಲ್ಲಿ ಸ್ಪೇನ್ ಸಹಿ ಹಾಕಿತು. ಊರು ಮಾತ್ರ ಮರಳಲಿಲ್ಲ.

ಈ ನಡುವೆ ಸವೆದದ್ದು ಭಾಷೆ. 19ನೆಯ ಶತಮಾನದಲ್ಲಿ ಆಡಳಿತದಿಂದ ಹೊರಬಿದ್ದ ಪೋರ್ಚುಗೀಸ್ ಮನೆಯೊಳಗೆ ಬದುಕಿತ್ತು. 20ನೆಯ ಶತಮಾನದಲ್ಲಿ ಮಕ್ಕಳ ಬಾಯಿಂದಲೂ ಜಾರಿತು. ಈಗ ಬೀದಿಗಳ ಹಳೆಯ ಹೆಸರುಗಳು ಫಲಕಗಳ ಮೇಲೆ ಮರಳಿವೆ. ಅನೇಕರು ಪೋರ್ಚುಗಲ್ಲಿನ ಪೌರತ್ವವನ್ನೂ ಪಡೆದಿದ್ದಾರೆ. ಹಕ್ಕಿನ ದಾಖಲೆ ಎರಡು ಶತಮಾನ ಉಳಿದೀತು. ಅಜ್ಜಿ ಮೊಮ್ಮಗುವಿಗೆ ಆಡದೆ ಬಿಟ್ಟ ಮಾತನ್ನು ಯಾವ ವಿಧಿಯೂ ಮರಳಿಸಿಕೊಡಲಾರದು.